ಅಪ್ಪನನ್ನು ನಂದಿ ಬೆಟ್ಟದ ತಪ್ಪಲಿನ ವೈನರಿಗೆ ಕರ್ಕೊಂಡು ಹೋಗಬೇಕು, ಹೋಗಿ ಬಂದವರು ಹೇಳಿ

ತಿಕೋಟಾ_ಬಳ್ಳಿ, ಫೆಬ್ರವರಿ 2

ಎಲ್ಲರಿಗೂ ಶರಣು. ನಾನು ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆಯ್ತು, ಮನೆ ಸಹಕಾರನಗರದಲ್ಲಿ. ಊರು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ಊರಲ್ಲಿ ನಾಲ್ಕು ಎಕರೆ ದ್ರಾಕ್ಷಿ ಇದೆ. ಎಲ್ಲಾ ಥಾಮ್ಸನ್ ಸೀಡ್‌ಲೆಸ್, ಪೂರ್ತಿ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ.

ಮಗಳ ತೊಟ್ಟಿಲ ಕಾರ್ಯಕ್ಕೆ ಅಪ್ಪ 10ನೇ ತಾರೀಖು ಬರ್ತಿದ್ದಾರೆ. ಮಾರ್ಚ್‌ನಲ್ಲಿ ನಮ್ಮ ಕೊಯ್ಲು, ಹಾಗಾಗಿ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲೋದಿಲ್ಲ. ಪ್ರತಿ ಸಲ ಲಾಲ್‌ಬಾಗ್, ವಿಧಾನಸೌಧ ಅಂತ ತಿರುಗಿಸಿ ಕಳಿಸ್ತೀನಿ. ಈ ಸಲ ಬೇರೆ ಆಸೆ. ನಲವತ್ತು ವರ್ಷ ದ್ರಾಕ್ಷಿ ಬೆಳೆದ ಮನುಷ್ಯ ವೈನ್ ಆಗೋ ಜಾಗವನ್ನು ಒಮ್ಮೆಯೂ ನೋಡಿಲ್ಲ. ತೋರಿಸಬೇಕು.

ತೊಡಕು ಎರಡು. ಅಪ್ಪ ಲಿಂಗಧಾರಿ. ಕುಡಿಯೋದಿರಲಿ, ಕುಡಿದವರ ಪಕ್ಕ ಕೂರೋದೂ ಇಲ್ಲ. ಕುಡಿಯದವರು ಬರೀ ನೋಡೋಕೆ ಹೋಗಬಹುದಾ, ತೋಟದ ಒಳಗೆ ಬಿಡ್ತಾರಾ? ಎರಡನೇದು ನಮ್ಮದು. ನಾನು, ನನ್ನ ಹೆಂಡತಿ ರುಚಿ ನೋಡಬೇಕು ಅಂತಿದ್ದೀವಿ. ಆದರೆ ಅಲ್ಲಿ ವೈನ್ ಬಗ್ಗೆ ಆಡೋ ಮಾತು ಏನೂ ತಿಳಿಯಲ್ಲ. ಏನು ನೋಡಬೇಕು, ಏನು ಕೇಳಬೇಕು, ದಯವಿಟ್ಟು ತಿಳಿಸಿ.

ದೊಡ್ಡಬಳ್ಳಾಪುರದವ, ಫೆಬ್ರವರಿ 2

ಧಾರಾಳವಾಗಿ ಕರ್ಕೊಂಡು ಬನ್ನಿ ಸರ್. ಸರಿಯಾದ ಕಾಲಕ್ಕೇ ಕೇಳಿದ್ದೀರಿ. ನಮ್ಮ ಕಡೆ ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಬಿಳಿ ತಳಿಗಳು ಮೊದಲು, ಕೆಂಪು ಆಮೇಲೆ. ಫೆಬ್ರವರಿ ನಡುವೆ ಬಂದರೆ ಒಂದು ಕಡೆ ಕೊಯ್ದ ಸಾಲು, ಇನ್ನೊಂದು ಕಡೆ ಗೊಂಚಲು ತುಂಬಿದ ಸಾಲು, ಒಳಗೆ ಟ್ಯಾಂಕಿನಲ್ಲಿ ಹುದುಗುತ್ತಿರೋ ರಸ, ಮೂರೂ ಒಂದೇ ದಿನ ಸಿಗುತ್ತೆ. ಜೂನ್, ಜುಲೈನಲ್ಲಿ ಬಂದವರಿಗೆ ಬರೀ ಎಲೆ.

ಸಹಕಾರನಗರದಿಂದ ಯಲಹಂಕ, ರಾಜಾನುಕುಂಟೆ ಮೇಲೆ ದೊಡ್ಡಬಳ್ಳಾಪುರಕ್ಕೆ ಬನ್ನಿ. ಗ್ರೋವರ್ ಜಂಪಾದವರ ತೋಟ ರಘುನಾಥಪುರದ ಹತ್ತಿರ, ದೇವನಹಳ್ಳಿ ರಸ್ತೆಯಲ್ಲಿದೆ. ಶನಿವಾರ, ಭಾನುವಾರ ಬೇಡವೇ ಬೇಡ. ಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಹೋಗೋ ಗಾಡಿಗಳ ಸಾಲಲ್ಲಿ ಸಿಕ್ಕಿಕೊಂಡರೆ ಬೆಳಗ್ಗೆಯೇ ಸುಸ್ತು.

ಯಾವ ವೈನರಿಯಾದರೂ ಮೊದಲೇ ಫೋನ್ ಮಾಡಿ ಜಾಗ ಹಿಡಿದಿಡಿ. ಫೋನಿನಲ್ಲೇ ಹೇಳಿ, ‘ನಮ್ಮ ತಂದೆ ದ್ರಾಕ್ಷಿ ರೈತರು, ಕುಡಿಯೋದಿಲ್ಲ, ಬಳ್ಳಿ ನೋಡಬೇಕು’ ಅಂತ. ಈ ಒಂದು ಮಾತಿಗೆ ತೋಟದವರು ಕೊಡೋ ಮರ್ಯಾದೆಯೇ ಬೇರೆ.

ಮೂಗು_ನಾಲಿಗೆ, ಫೆಬ್ರವರಿ 3

ನಾನು ಹೋಟೆಲಿನಲ್ಲಿ ವೈನ್ ಬಡಿಸೋ ಕೆಲಸ ಮಾಡ್ತೀನಿ, ಹದಿನಾಲ್ಕು ವರ್ಷ ಆಯ್ತು. ಮಾತು ತಿಳಿಯಲ್ಲ ಅಂತ ಹಿಂಜರಿಯಬೇಡಿ ಅಣ್ಣ. ವೈನಿಗೆ ಬೇಕಾದ ಮಾತು ನಮ್ಮ ನಾಲಿಗೆಯಲ್ಲೇ ಇದೆ. ಕೆಂಪು ವೈನ್ ಕುಡಿದಾಗ ಒಸಡು, ಕೆನ್ನೆ ಒಳಗೆ ಹಿಡಿದು ಎಳೆದ ಹಾಗಾಗುತ್ತಲ್ಲ, ಅದಕ್ಕೆ ಟ್ಯಾನಿನ್ ಅಂತಾರೆ. ನಾವು ಅದನ್ನೇ ಒಗರು ಅನ್ನೋದು. ನೇರಳೆ ಹಣ್ಣು, ಬಾಳೆಕಾಯಿ, ಹಸಿ ಅಡಿಕೆ ತಿಂದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಸಿಪ್ಪೆ ಮತ್ತು ಬೀಜದಿಂದ ಬರುತ್ತೆ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸ್ತಾರೆ, ಬಣ್ಣವೂ ಒಗರೂ ಇಳಿದುಕೊಳ್ಳುತ್ತೆ. ಬಿಳಿ ವೈನಿಗೆ ಮೊದಲೇ ರಸ ಹಿಂಡಿ ಸಿಪ್ಪೆ ತೆಗೆದುಬಿಡ್ತಾರೆ, ಅದಕ್ಕೇ ಅದರಲ್ಲಿ ಹುಳಿ ಮುಂದೆ, ಒಗರು ಇಲ್ಲವೇ ಇಲ್ಲ ಅನ್ನೋಷ್ಟು.

ರುಚಿ ನೋಡೋ ದಿನ ಇಷ್ಟು ನೆನಪಿಡಿ. ಸೆಂಟು ಹಾಕಬೇಡಿ. ಅಕ್ಕ ಅವರಿಗೆ ಹೇಳಿ, ಮಲ್ಲಿಗೆ ಮುಡಿದು ಬರಬೇಡಿ ಅಂತ. ಮಲ್ಲಿಗೆ ಪಕ್ಕದಲ್ಲಿದ್ದರೆ ಗ್ಲಾಸಿನ ಒಳಗಿನ ವಾಸನೆ ಮೂಗಿಗೆ ತಲುಪಲ್ಲ. ಹೋಗೋ ಮುಂಚೆ ಒಂದು ಗಂಟೆ ಕಾಫಿ ಬೇಡ. ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ. ಗ್ಲಾಸನ್ನು ಕೆಳಗಿನ ಕಡ್ಡಿಯಂಥ ಭಾಗದಲ್ಲಿ ಹಿಡಿಯಿರಿ, ಮೇಲಿನ ಬಟ್ಟಲಿನಲ್ಲಿ ಹಿಡಿದರೆ ಅಂಗೈ ಬಿಸಿಗೆ ವೈನ್ ಬೆಚ್ಚಗಾಗುತ್ತೆ. ಮೊದಲು ಸುಮ್ಮನೆ ಮೂಸಿ, ಆಮೇಲೆ ಎರಡು ಸುತ್ತು ತಿರುಗಿಸಿ ಮತ್ತೆ ಮೂಸಿ. ವಾಸನೆ ಬದಲಾಗಿರುತ್ತೆ. ನಂತರ ಸಣ್ಣ ಗುಟುಕು, ಬಾಯಿ ತುಂಬ ಆಡಿಸಿ, ಬೇಕಿದ್ದರೆ ಅಲ್ಲೇ ಇಟ್ಟಿರೋ ಪಾತ್ರೆಗೆ ಉಗಿಯಿರಿ. ಉಗಿಯೋದು ಅಮರ್ಯಾದೆ ಅಲ್ಲ, ರುಚಿ ನೋಡೋದೇ ಕೆಲಸ ಆದವರೆಲ್ಲ ಉಗಿಯುತ್ತಾರೆ.

ಏನು ಅನಿಸಿತು ಅಂತ ಕೇಳಿದರೆ ನಿಮ್ಮ ಮನೆಯ ಮಾತಲ್ಲೇ ಹೇಳಿ. ಹುಣಸೆ ಅನಿಸಿದರೆ ಹುಣಸೆ. ಮಳೆ ಬಿದ್ದ ಮಣ್ಣು ಅನಿಸಿದರೆ ಮಣ್ಣು. ಕಂಡಿಲ್ಲದ ಬ್ಲ್ಯಾಕ್‌ಕರೆಂಟ್ ಹೆಸರು ಹೇಳೋದಕ್ಕಿಂತ ಅದು ಎಷ್ಟೋ ಮೇಲು.

ಬಸವನಗುಡಿ_ಅಮ್ಮ, ಫೆಬ್ರವರಿ 3

ಬೇಜಾರು ಮಾಡ್ಕೋಬೇಡಿ ಮಗು, ಮನಸ್ಸಿಗೆ ಬಂದದ್ದು ಹೇಳ್ತೀನಿ. ಕುಡಿತದಿಂದ ಹಾಳಾದ ಮನೆಗಳನ್ನು ಹತ್ತಿರದಿಂದ ಕಂಡವಳು ನಾನು. ನೇಮದಿಂದಿರೋ ತಂದೆಯನ್ನು ಅಂಥ ಜಾಗಕ್ಕೆ ಕರ್ಕೊಂಡು ಹೋಗೋದು, ಅವರ ಎದುರಿಗೆ ನೀವಿಬ್ಬರು ಗ್ಲಾಸು ಹಿಡಿಯೋದು ಅವರಿಗೆ ನೋವಾಗಲ್ವಾ? ಒಂದು ಸಲ ಯೋಚನೆ ಮಾಡಿ.

ತಿಕೋಟಾ_ಬಳ್ಳಿ, ಫೆಬ್ರವರಿ 3

ಅಮ್ಮ, ನೀವು ಕೇಳಿದ್ದು ಒಳ್ಳೇದಾಯ್ತು. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ನೇರವಾಗಿಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬಳ್ಳಿ ಯಾವ ತಪ್ಪು ಮಾಡ್ಯಾವು? ನಾ ಬಳ್ಳಿ ನೋಡ್ಲಿಕ್ಕ ಬರ್ತೀನಿ. ನೀವು ಏನ್ ಮಾಡಿದ್ರೂ ನನ್ನ ಮುಂದ ಮಾಡ್ರಿ, ಮುಚ್ಚಿ ಮಾಡಬ್ಯಾಡ್ರಿ’ ಅಂದರು. ಅವರು ಒಪ್ಪದಿದ್ದರೆ ನಾನು ಈ ಮಾತು ಮುಂದುವರಿಸ್ತಿರಲಿಲ್ಲ.

ಬಸವನಗುಡಿ_ಅಮ್ಮ, ಫೆಬ್ರವರಿ 3

ಕೇಳಿದ್ದೀರಲ್ಲ, ಅಷ್ಟು ಸಾಕು. ಹೋಗಿ ಬನ್ನಿ.

ಫ್ರೇಜರ್‌ಟೌನ್_ಭರಣಿ, ಫೆಬ್ರವರಿ 4

ವೈನ್ ಅಂದರೆ ತೋಟ ನೋಡೋಕೆ ಹೋಗೋದು ಅಂತ ಈಗ ಆಗಿದೆ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಮೂಲೆಯ ಭರಣಿ. ಅಕ್ಟೋಬರ್ ಕೊನೆಗೆ ಅಜ್ಜಿ ರಸೆಲ್ ಮಾರ್ಕೆಟ್ಟಿಂದ ಬೆಂಗಳೂರು ನೀಲಿ ದ್ರಾಕ್ಷಿ ತರಿಸೋರು. ತೊಳೆದು, ಬಟ್ಟೆ ಮೇಲೆ ಒಂದು ಹನಿ ನೀರಿಲ್ಲದ ಹಾಗೆ ಆರಿಸಿ, ಕೈಯಲ್ಲೇ ಹಿಸುಕಿ ಸಕ್ಕರೆ, ಕುದಿಸಿ ಆರಿಸಿದ ನೀರು, ಚಿಟಿಕೆ ಈಸ್ಟ್, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಬಾಯಿಗೆ ಬಿಳಿ ಬಟ್ಟೆ. ದಿನಾ ಒಂದು ಸಲ ಮರದ ಸೌಟಲ್ಲಿ ಕಲಕಿ 21 ದಿನ. ಆಮೇಲೆ ಸೋಸಿ, ಕ್ರಿಸ್‌ಮಸ್ ತನಕ ಯಾರೂ ಮುಟ್ಟೋ ಹಾಗಿಲ್ಲ. ಕೇಕಿನ ಜೊತೆ ಚಿಕ್ಕ ಲೋಟದಲ್ಲಿ ಎಲ್ಲರಿಗೂ ಒಂದು ಗುಟುಕು.

ನೀಲಿ ದ್ರಾಕ್ಷಿಯಿಂದ ಒಳ್ಳೆ ವೈನ್ ಆಗಲ್ಲ ಅಂತ ವೈನ್ ಬಲ್ಲವರು ಹೇಳ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದು ಅಮೆರಿಕದ ಲಬ್ರುಸ್ಕಾ ಕುಲದ ದ್ರಾಕ್ಷಿ, ಅದರ ಘಮವೇ ಗಾಢ. ಮೂಟೆ ಬಿಚ್ಚಿದರೆ ಬೀದಿಗೆಲ್ಲ ಗೊತ್ತಾಗುತ್ತೆ. ಫ್ರಾನ್ಸಿನ ತಳಿಗಳ ನಯ ಅದರಲ್ಲಿ ಹುಡುಕಿದರೆ ಸಿಗಲ್ಲ. ಆದರೆ ಸಿಹಿ ವೈನಿಗೆ, ಜ್ಯೂಸಿಗೆ ಅದಕ್ಕಿಂತ ಚೆಂದ ಇನ್ನೊಂದಿಲ್ಲ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಬೆಳೆ ಅದು. ಅಪ್ಪಾಜಿಗೆ ದಾರಿಯಲ್ಲಿ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಸಿಕ್ಕಿದರೆ ಒಂದು ಕೆಜಿ ತೆಗೆದುಕೊಡಿ, ಬೀಜದ ಹಣ್ಣು ತಿಂದು ಅವರಿಗೆ ಎಷ್ಟು ಕಾಲವಾಯ್ತೋ.

ಹಳೆ_ಕಡತ, ಫೆಬ್ರವರಿ 5

ಹೋಗೋ ಮುಂಚೆ ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ನೋಡಿದ್ದು ಮನಸ್ಸಲ್ಲಿ ನಿಲ್ಲುತ್ತೆ. ವೈನ್ ದ್ರಾಕ್ಷಿಗೆ ಹೆಸರಾದ ಸೀಮೆಗಳು ಹೆಚ್ಚಾಗಿ 30ರಿಂದ 50 ಡಿಗ್ರಿ ಅಕ್ಷಾಂಶದಲ್ಲಿವೆ. ನಂದಿ ಇರೋದು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಆಗುತ್ತೆ ಅಂತ ನಂಬೋದಕ್ಕೇ ಧೈರ್ಯ ಬೇಕಿತ್ತು. ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ ಫ್ರಾನ್ಸಿನ ತಳಿಗಳನ್ನು ಇಲ್ಲಿ ಹಾಕಿ ನೋಡಿದರು. 1988ರಲ್ಲಿ ತೋಟ ನಿಂತಿತು, 1992ರಲ್ಲಿ ಮೊದಲ ವೈನ್ ಹೊರಬಂತು. 1990ರ ದಶಕದ ನಡುವೆ ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದು ಸೇರಿ ಗ್ರೋವರ್ ಜಂಪಾ ಆಯಿತು.

ಅಕ್ಷಾಂಶದ ಕೊರತೆಯನ್ನು ಎತ್ತರ ತುಂಬಿಕೊಡುತ್ತೆ. ನಂದಿ ಬೆಟ್ಟದ ನೆತ್ತಿ 1,478 ಮೀಟರ್, ಕೆಳಗಿನ ಬಯಲೇ 900 ಮೀಟರಿನ ಆಸುಪಾಸು. ಹಗಲು ಬಿಸಿಲಿಗೆ ಸಕ್ಕರೆ ಏರುತ್ತೆ, ರಾತ್ರಿ ಚಳಿಗೆ ಹುಳಿ ಉಳಿಯುತ್ತೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಈ ಭಾಗದಲ್ಲಿ ಇನ್ನಷ್ಟು ವೈನರಿಗಳು ಬಂದವು.

ಹೆಬ್ಬಾಳ_ರಘು, ಫೆಬ್ರವರಿ 5

ಎರಡು ವರ್ಷದ ಹಿಂದೆ ನಾವು ಮಾಡಿಕೊಂಡ ಎಡವಟ್ಟು ಹೇಳ್ತೀನಿ, ನಿಮಗೆ ಆಗದಿರಲಿ. ಏಪ್ರಿಲ್ ತಿಂಗಳ ಒಂದು ಭಾನುವಾರ, ಬುಕಿಂಗ್ ಇಲ್ಲದೆ ಒಂದು ವೈನರಿಗೆ ಹೋದ್ವಿ. ನಲವತ್ತು ಜನರ ಗುಂಪಿಗೆ ಸೇರಿಸಿದರು. ಶೀಟು ಹೊದಿಸಿದ ಚಾವಣಿ ಕೆಳಗೆ ನಿಲ್ಲಿಸಿ ಹತ್ತೇ ನಿಮಿಷದಲ್ಲಿ ಐದು ವೈನ್ ಸುರಿದು ಮುಗಿಸಿದರು. ಕೆಂಪು ವೈನ್ ಬಿಸಿನೀರಿನಷ್ಟು ಬೆಚ್ಚಗಿತ್ತು. ರುಚಿ ಏನು ಬಂತು ಅಂದರೆ ಬರೀ ಉರಿ. ಕೆಂಪು ವೈನ್ 16ರಿಂದ 18 ಡಿಗ್ರಿಯಲ್ಲಿರಬೇಕು ಅಂತ ಆಮೇಲೆ ತಿಳೀತು.

ಮೂರು ಬಾಟಲಿ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟು ಭೋಗನಂದೀಶ್ವರ ದೇವಸ್ಥಾನ ನೋಡೋಕೆ ಹೋದ್ವಿ. ಎರಡು ಗಂಟೆ ಬಿಸಿಲು. ಬಂದು ನೋಡಿದರೆ ಒಂದರ ಬಿರಡೆ ಮೇಲಕ್ಕೆ ಎದ್ದಿತ್ತು, ಕತ್ತಿನ ಸುತ್ತ ಅಂಟು. ಆ ವೈನ್ ಬೇಯಿಸಿದ ಹಣ್ಣಿನ ಹಾಗಿತ್ತು. ನೀವು ಕೊಳ್ಳೋದಾದರೆ ಐಸ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆ ಜೊತೆಗಿರಲಿ, ನೇರ ಮನೆಗೆ ಬನ್ನಿ.

ಮೂಗು_ನಾಲಿಗೆ, ಫೆಬ್ರವರಿ 5

ರಘು ಅವರು ಹೇಳಿದ್ದರ ಜೊತೆ ಇದನ್ನೂ ಸೇರಿಸಿ. ಗಾಡಿ ಓಡಿಸೋರು ಒಂದು ಗುಟುಕೂ ನುಂಗಬಾರದು. ಒಂದೊಂದು ಸಲ ಹಾಕೋದು 30 ಮಿಲಿ ಅಂದರೂ ಐದು ವೈನ್ ಆದಾಗ ಒಂದು ತುಂಬು ಗ್ಲಾಸ್ ಒಳಗೆ ಹೋಗಿರುತ್ತೆ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡ ಬಿಡಿ, ಯಲಹಂಕ ರಸ್ತೆಯ ಲಾರಿಗಳ ನಡುವೆ ಅಪ್ಪನನ್ನು, ಹಸುಗೂಸನ್ನು ಕೂರಿಸಿಕೊಂಡು ಬರ್ತೀರಿ. ಟ್ಯಾಕ್ಸಿ ಮಾಡ್ಕೊಳ್ಳಿ ಅಣ್ಣ.

ತಿಕೋಟಾ_ಬಳ್ಳಿ, ಫೆಬ್ರವರಿ 14

ಹೋಗಿ ಬಂದ್ವಿ. ಅಪ್ಪನನ್ನು ಈಗಷ್ಟೇ ರೈಲು ಹತ್ತಿಸಿ ಬಂದು ಬರೀತಿದ್ದೀನಿ. ಉದ್ದ ಆಗುತ್ತೆ, ಓದಿ.

ಬುಧವಾರ ಬೆಳಗ್ಗೆ ಟ್ಯಾಕ್ಸಿಯಲ್ಲಿ ಹೊರಟ್ವಿ. ಮಗು ಅತ್ತೆಯ ಹತ್ತಿರ. ಫೋನಿನಲ್ಲಿ ಹೇಳಿಟ್ಟಿದ್ದಕ್ಕೆ ತೋಟದ ಮೇಸ್ತ್ರಿ ಬಾಗಿಲಲ್ಲೇ ಕಾಯ್ತಿದ್ದರು. ‘ಬನ್ನಿ ಯಜಮಾನ್ರೇ’ ಅಂತ ಅಪ್ಪನ ಕೈ ಹಿಡಿದು ನೇರ ಸಾಲಿನೊಳಗೆ ನಡೆದರು. ನಾವಿಬ್ಬರು ಹಿಂದೆ.

ಅಪ್ಪ ಮೊದಲು ಹಣ್ಣು ನೋಡಲಿಲ್ಲ. ಒಂದು ಎಲೆ ತಿರುಗಿಸಿ ಕೆಳಗಿನ ಮಗ್ಗಲು ನೋಡಿದರು, ಬೂಜು ಇದೆಯಾ ಅಂತ. ನಮ್ಮ ತೋಟದಲ್ಲೂ ದಿನ ಬೆಳಗಾದರೆ ಮಾಡೋ ಕೆಲಸ. ಆಮೇಲೆ ತಲೆ ಎತ್ತಿ, ‘ಚಪ್ಪರ ಎಲ್ಲೈತಿ?’ ಅಂದರು. ಇಲ್ಲಿ ಚಪ್ಪರವೇ ಇಲ್ಲ. ತಂತಿಗೆ ಬಳ್ಳಿಯನ್ನು ನೆಟ್ಟಗೆ ಬೇಲಿ ಹಾಗೆ ನಿಲ್ಲಿಸಿದ್ದಾರೆ, ಹಣ್ಣು ಮೊಣಕಾಲಿನಿಂದ ಸೊಂಟದ ನಡುವೆ. ಗೊಂಚಲು ಕೈಯಲ್ಲಿ ಹಿಡಿದರು. ಕಾಯಿ ಬಟಾಣಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಅಪ್ಪನ ಮುಖ ಸಣ್ಣಗಾಯ್ತು. ‘ಇಷ್ಟ ಸಣ್ಣ ಕಾಯಿ ಯಾಕ ಬಿಟ್ಟೀರಿ? ಜಿಎ ಹೊಡದಿಲ್ಲೇನು?’ ಜಿಎ ಅಂದರೆ ಕಾಯಿ ದಪ್ಪ ಆಗಲಿ ಅಂತ ಹೊಡೆಯೋ ಜಿಬ್ಬರೆಲಿಕ್ ಆಮ್ಲ.

ಮೇಸ್ತ್ರಿ ಹೇಳಿದ್ದು: ‘ಸಣ್ಣದೇ ಬೇಕು ಯಜಮಾನ್ರೇ. ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆ ಜಾಸ್ತಿ. ಬಣ್ಣ, ಒಗರು, ವಾಸನೆ ಎಲ್ಲಾ ಸಿಪ್ಪೇಲಿ. ಎಕರೆಗೆ ನಾಲ್ಕೈದು ಟನ್ನಿಗೆ ನಿಲ್ಲಿಸ್ತೀವಿ, ಹೆಚ್ಚು ಬಿಟ್ಟರೆ ರುಚಿ ತೆಳುವಾಗುತ್ತೆ.’ ಅಪ್ಪ ನಮ್ಮಲ್ಲಿ ಅದರ ಮೂರು ಪಟ್ಟು ತೆಗೀತಾರೆ. ಬೇಕೆಂದೇ ಕಡಿಮೆ ಬೆಳೆಯೋ ದ್ರಾಕ್ಷಿ ಇದೆ ಅನ್ನೋದು ಅವರ ತಲೆಗೆ ಇಳಿಯೋಕೆ ಹೊತ್ತು ಹಿಡೀತು. ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಸಿಪ್ಪೆ ಅಗಿದು, ಬೀಜ ಅಂಗೈಗೆ ತೆಗೆದು, ಹಲ್ಲಲ್ಲಿ ಕಡಿದು ನೋಡಿದರು. ‘ಬೀಜ ಕಂದು ಆಗ್ಯಾವು. ಇನ್ನ ಎರಡು ವಾರದಾಗ ಬರತೈತಿ’ ಅಂದರು. ಮೇಸ್ತ್ರಿ ನಕ್ಕು ಜೇಬಿಂದ ಬ್ರಿಕ್ಸ್, ಅಂದರೆ ರಸದ ಸಕ್ಕರೆ ಅಂಶ, ನೋಡೋ ಪುಟ್ಟ ದುರ್ಬೀನಿನಂಥ ಸಾಧನ ತೆಗೆದು ಎರಡು ಹನಿ ಹಿಂಡಿ ತೋರಿಸಿದರು. ಅಂಥದ್ದೇ ಒಂದು ನಮ್ಮ ಮನೆಯ ಗೂಡಿನಲ್ಲೂ ಇದೆ. ಮಣೂಕಕ್ಕೂ ಅದೇ ಲೆಕ್ಕ, ವೈನಿಗೂ ಅದೇ ಲೆಕ್ಕ. ಅಲ್ಲಿಂದ ಮುಂದೆ ಇಬ್ಬರೂ ನಮ್ಮನ್ನು ಮರೆತೇಬಿಟ್ಟರು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಅಪ್ಪ, ನಾವು ಕಟಿಂಗ್ ಅಂತೀವಿ ಅಂತ ಮೇಸ್ತ್ರಿ. ವರ್ಷಕ್ಕೆ ಎರಡು ಸಲ ಕತ್ತರಿಸಿ ಒಂದೇ ಬೆಳೆ ತೆಗೆಯೋ ಪದ್ಧತಿ ಇಬ್ಬರದೂ ಒಂದೇ. ಚಳಿ ದೇಶಗಳಲ್ಲಿ ಬಳ್ಳಿ ಹಿಮಕ್ಕೆ ತಾನೇ ಮಲಗುತ್ತೆ, ನಮ್ಮಲ್ಲಿ ಅದು ಮಲಗೋದೇ ಇಲ್ಲ, ಕತ್ತರಿಯೇ ಅದಕ್ಕೆ ಹಂಗಾಮು ಕಲಿಸಬೇಕು.

ಒಳಗೆ ಸ್ಟೀಲ್ ಟ್ಯಾಂಕುಗಳ ಸಾಲು. ಅಲ್ಲಿ ವಿವರಿಸಿದವಳು ಚಿಕ್ಕಬಳ್ಳಾಪುರದ ಹುಡುಗಿ. ಇಂಗ್ಲಿಷಿನಲ್ಲಿ ಶುರು ಮಾಡಿದಳು. ‘ಅಪ್ಪನಿಗೆ ಕನ್ನಡದಲ್ಲಿ ಹೇಳಮ್ಮಾ’ ಅಂದೆ. ಅವಳ ಮುಖವೇ ಅರಳಿತು. ಪೀಪಾಯಿಗಳ ಕೋಣೆ ತಣ್ಣಗೆ, ಅರೆಗತ್ತಲು. ಒಂದೊಂದು 225 ಲೀಟರಿನ ಓಕ್ ಮರದ ಪೀಪಾಯಿ, ಒಂದರಿಂದ 300 ಬಾಟಲಿ. ಅಲ್ಲಿ ಅವಳು, ‘ಈ ಕ್ಯಾಬರ್ನೆ ಸಾವಿನ್ಯೋನ್ ದ್ರಾಕ್ಷಿಯ ತವರು ಫ್ರಾನ್ಸಿನ ಬೋರ್ಡೋ’ ಅಂದಳು.

ಅಪ್ಪ ನಿಂತುಬಿಟ್ಟರು. ‘ಯಾವ ಬೋರ್ಡೋ? ನಾವು ಹೊಡಿಯೂ ಬೋರ್ಡೋ ಏನು?’

ಅವಳಿಗೆ ಅರ್ಥ ಆಗಲಿಲ್ಲ, ಮೇಸ್ತ್ರಿಗೆ ಆಯ್ತು. ‘ಹೌದು ಯಜಮಾನ್ರೇ, ಅದೇ ಊರು’ ಅಂದರು. ನಲವತ್ತು ವರ್ಷದಿಂದ ಮೈಲುತುತ್ತ, ಸುಣ್ಣ ಕಲಸಿ ಬೂಜಿಗೆ ಹೊಡೆದ ಮದ್ದು. ಅಪ್ಪನ ಅಂಗಿಯ ಮೇಲೆ ನಾನು ಚಿಕ್ಕಂದಿನಿಂದ ಕಂಡ ನೀಲಿ ಕಲೆ. ಅದು ಒಂದು ಊರಿನ ಹೆಸರು ಅಂತ ನನಗೂ ಗೊತ್ತಿರಲಿಲ್ಲ. ಅಪ್ಪ ಪೀಪಾಯಿಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಿದ್ದರು.

ಕೊನೆಗೆ ರುಚಿ. ಅಪ್ಪ ನಮ್ಮ ಪಕ್ಕದಲ್ಲೇ ಕೂತರು, ಮುಂದೆ ನೀರಿನ ಲೋಟ. ಬಿಳಿ ಸಾವಿನ್ಯೋನ್ ಬ್ಲಾಂ ಹಾಕಿದಾಗ ನಾನು ಮೂಸಿ ಮೂಸಿ ಏನೂ ಹೇಳಲಾಗದೆ ಗ್ಲಾಸನ್ನು ಅವರ ಕಡೆ ಚಾಚಿದೆ. ಕುಡಿಯಲ್ಲ, ಮೂಸಬಹುದಲ್ಲ. ಒಂದೇ ಸಲ ಮೂಸಿ, ‘ಡಬ್ಬು ಮೆಣಸಿನಕಾಯಿ ಹಸೀದು ಮುರದಂಗ ಐತಿ’ ಅಂದರು. ಆ ಹುಡುಗಿ, ‘ಈ ತಳಿಯನ್ನು ಗುರುತು ಹಿಡಿಯೋದೇ ಆ ವಾಸನೆಯಿಂದ ಅಜ್ಜಾ’ ಅಂದಳು. ಕೆಂಪಿನದು ಅವರಿಗೆ ಹಿಡಿಸಲಿಲ್ಲ, ಮೂಗು ತಿರುಗಿಸಿದರು. ನನ್ನ ಹೆಂಡತಿಗೆ ಶಿರಾಜ್ ಹಿಡಿಸಿತು, ಮೊದಲು ಕಾಳುಮೆಣಸು, ಆಮೇಲೆ ಹಸಿ ಅಡಿಕೆ ಒಗರು ಅಂದಳು. ನನಗೆ ಶೆನಿನ್ ಬ್ಲಾಂ ಇಷ್ಟ ಆಯ್ತು, ಪೇರಲ ಹಣ್ಣಿನ ನೆನಪು ಬಂತು. ಒಂದು ಬಾಟಲಿ ತಂದಿದ್ದೀವಿ, ಐಸ್ ಪೆಟ್ಟಿಗೆಯಲ್ಲೇ ತಂದ್ವಿ ರಘು ಅವರೇ.

ವಾಪಸ್ ಬರುವಾಗ ಅಪ್ಪ ಲೆಕ್ಕ ಹಾಕ್ತಿದ್ದರು. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಮಣೂಕ. ಇಲ್ಲಿ ಒಂದು ಕಿಲೋ ಚಿಲ್ಲರೆಗೆ ಒಂದು ಬಾಟಲಿ. ‘ರೈತಗ ಕಿಲೋಕ್ಕ ಎಷ್ಟ ಕೊಡ್ತಾರ, ಅದನ್ನ ಯಾರೂ ಹೇಳಲಿಲ್ಲ’ ಅಂದರು. ಆ ಮಾತು ನನ್ನ ಮನಸ್ಸಲ್ಲೂ ಕೂತಿದೆ. ಬಾಟಲಿಯ ಬೆಲೆ ಕೇಳಿದ ನಾನು ಅದನ್ನು ಕೇಳಬೇಕು ಅಂತ ನೆನೆಸಲೇ ಇಲ್ಲ. ಹೋಗೋರು ತಪ್ಪದೆ ಕೇಳಿ.

ಹಳೆ_ಕಡತ, ಫೆಬ್ರವರಿ 14

ಅಪ್ಪಾಜಿಗೆ ಬೋರ್ಡೋ ಕಥೆಯ ಉಳಿದ ಭಾಗವನ್ನೂ ಹೇಳಿ. 1880ರ ದಶಕದಲ್ಲಿ ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಪಕ್ಕದ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು, ನೋಡಿದರೆ ವಿಷ ಅನ್ನಿಸಲಿ ಅಂತ. ಮಿಲ್ಲಾರ್ಡೆ ಅನ್ನೋ ಸಸ್ಯವಿಜ್ಞಾನಿ ಗಮನಿಸಿದ್ದು, ಆ ಸಾಲುಗಳಿಗೆ ಮಾತ್ರ ಬೂಜು ಬಂದಿರಲಿಲ್ಲ. 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರಿಗೆ ಅಂತ ಎರಚಿದ್ದು ತಿಕೋಟಾದವರೆಗೆ ಬಂತು.

ಬಸವನಗುಡಿ_ಅಮ್ಮ, ಫೆಬ್ರವರಿ 15

ಪೂರ್ತಿ ಓದಿದೆ ಮಗು. ಅವರು ಪೀಪಾಯಿ ಮೇಲೆ ಕೈಯಿಟ್ಟು ನಿಂತದ್ದು ಓದಿ ನನ್ನ ತಂದೆ ನೆನಪಾದರು. ಅವರನ್ನು ನಾನು ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ. ನಿಮ್ಮ ಮಗಳಿಗೆ ಆಯುಷ್ಯ ಇರಲಿ.

ಫ್ರೇಜರ್‌ಟೌನ್_ಭರಣಿ, ಫೆಬ್ರವರಿ 15

ನೀಲಿ ದ್ರಾಕ್ಷಿ ಸಿಕ್ತಾ?

ತಿಕೋಟಾ_ಬಳ್ಳಿ, ಫೆಬ್ರವರಿ 15

ಸಿಕ್ತು ಅಕ್ಕ. ಅರ್ಧ ಕಿಲೋ ಅಪ್ಪ ದಾರಿಯಲ್ಲೇ ತಿಂದರು, ಅರ್ಧ ಕಿಲೋ ಅವ್ವನಿಗೆ ಅಂತ ಚೀಲದಲ್ಲಿ ಕಟ್ಟಿಕೊಂಡು ಹೋದರು.

ತಿಕೋಟಾ_ಬಳ್ಳಿ, ಮಾರ್ಚ್ 1

ದೊಡ್ಡಬಳ್ಳಾಪುರದ ಸರ್, ಒಂದು ಸಣ್ಣ ಕೆಲಸ. ಅಪ್ಪ ಇವತ್ತು ಫೋನ್ ಮಾಡಿದ್ದರು. ನಮ್ಮಲ್ಲಿ ಕೊಯ್ಲು ಶುರುವಾಗಿದೆ, ಕೈಯಲ್ಲಿ ಪುರುಸೊತ್ತಿಲ್ಲ. ಆದರೂ ಮೊದಲು ಕೇಳಿದ್ದು, ‘ಆ ಸಣ್ಣ ಕಾಯಿ ಕೊಯ್ದರೇನು?’ ಅಂತ.

ದೊಡ್ಡಬಳ್ಳಾಪುರದವ, ಮಾರ್ಚ್ 1

ನಿನ್ನೆ ಬೆಳಗಿನ ಜಾವ ನಾಲ್ಕಕ್ಕೆ ತಲೆಗೆ ದೀಪ ಕಟ್ಟಿಕೊಂಡು ಶುರು ಮಾಡಿದ್ದಾರೆ ಸರ್. ಬಿಸಿಲೇರೋ ಮುಂಚೆ ಕ್ರೇಟುಗಳು ಒಳಗೆ ಹೋದವು. ಅಪ್ಪಾಜಿ ಹೇಳಿದ ಎರಡು ವಾರಕ್ಕೆ ಸರಿಯಾಗಿ.